ಮುದಿ ಒಂಟೆ ಆಡದೆ ಬಿಟ್ಟ ನಡೆ

ಜನವರಿ 6

ಆಸ್ಪತ್ರೆಯಿಂದ ಮನೆಗೆ ಬಂದೆ. ಗಂಟಲೊಳಗಿನ ಗಂಟನ್ನು ಕತ್ತರಿಸಿ ತೆಗೆದಿದ್ದಾರೆ. ವೈದ್ಯೆ ಅರಿಯೂನ್‌ಜುಲ್ ಮಗುವಿಗೆ ಹೇಳುವ ಹಾಗೆ ಬೆರಳೆತ್ತಿ ಹೇಳಿದಳು: "ಯೋಂದೋನ್ ಅಣ್ಣ, ಒಂದಕ್ಷರ ಮಾತಾಡೋ ಹಾಗಿಲ್ಲ. ಪಿಸುಗುಟ್ಟೋದು ಅದಕ್ಕಿಂತ ಕೆಟ್ಟದ್ದು. ಕೆಮ್ಮು ಬಂದ್ರೂ ನೀರು ಕುಡಿದು ನುಂಗಿ."

ವರ್ಷಗಟ್ಟಲೆ ಬೆಳಗಿನ ಏಳು ಗಂಟೆಗೆ ಇಡೀ ಮಂಗೋಲಿಯಾಕ್ಕೆ ಸುದ್ದಿ ಓದಿದವನು ನಾನು. ಈಗ ಉಪ್ಪು ಬೇಕಾದರೆ ಚಮಚದಿಂದ ಮೇಜು ಕುಟ್ಟಬೇಕು. ಅದಕ್ಕೇ ಈ ಪುಸ್ತಕ. ಒಳಗೆ ಉಳಿದದ್ದು ಎಲ್ಲಾದರೂ ಹೋಗಬೇಕಲ್ಲ.

ಸಂಜೆ ರೇಡಿಯೋದ ಗಾಲ್ಸಾನ್ ಬಂದಿದ್ದ. ನನ್ನ ಅವಸ್ಥೆ ನೋಡಿ ಅವನಿಗೆ ಹಬ್ಬ. "ನೊರ್ಜ್ಮಾ ಅಕ್ಕಾ, ಇನ್ನು ನಿಮ್ಮ ರಾಜ್ಯ. ಬಯ್ಯೋದಿದ್ರೆಲ್ಲ ಈಗ್ಲೇ ಬೈದು ಮುಗಿಸಿ" ಅಂದ. ನನ್ನ ಹೆಂಡತಿ ಕಿಲಕಿಲ ನಕ್ಕಳು. ಹೋಗುವ ಮುಂಚೆ ನನ್ನ ಫೋನಿಗೆ ಚದುರಂಗದ ಆಟ ಹಾಕಿಕೊಟ್ಟ. ಪ್ರಪಂಚದ ಯಾವ ಮೂಲೆಯವನ ಜೊತೆ ಬೇಕಾದರೂ ಆಡಬಹುದಂತೆ. "ಬಾಯಿ ಬಿಡದೆ ಜಗಳ ಆಡೋಕೆ ಇದೊಂದೇ ದಾರಿ ಕಣೋ" ಅಂದ. ಹೆಸರು ಕೇಳಿತು. 'ಕಪ್ಪು ತೋಳ' ಎಂದು ಒತ್ತಿದೆ. ಗಾಲ್ಸಾನ್ ಅದಕ್ಕೂ ನಕ್ಕ.

ರೇಡಿಯೋ ಕಟ್ಟಡದಲ್ಲಿ ಚದುರಂಗದಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ.

ಜನವರಿ 9

ಸೋತೆ. ಮತ್ತೆ ಸೋತೆ. ಎರಡೂ ಸಲ ಒಬ್ಬನೇ. ಹೆಸರು 'ಮುದಿ ಒಂಟೆ'. ಪಕ್ಕದಲ್ಲಿ ನಮ್ಮದೇ ದೇಶದ ಬಾವುಟ. ಒಂದೊಂದು ನಡೆಗೂ ಆಕಳಿಸುವಷ್ಟು ಹೊತ್ತು. ಕಾಯಿ ಎತ್ತಿದರೆ ಮಾತ್ರ ಸರಿಯಾದ ಮನೆಯಲ್ಲೇ ಇಡುತ್ತಾನೆ. ನನ್ನ ರಾಣಿಯನ್ನು ಮೂಲೆಗೆ ಅಟ್ಟಿ ಕೂರಿಸಿದ. ಆಮೇಲೆ ಕೆಳಗೆ ಬರೆದ: 'ಒಳ್ಳೇ ಆಟ, ತಮ್ಮಾ.'

ಯಾರಿಗೆ ಯಾರು ತಮ್ಮ? ಗೆದ್ದವನು ಒಳ್ಳೇ ಆಟ ಅಂದರೆ ಅದು ಗಾಯಕ್ಕೆ ಉಪ್ಪು ಸವರಿದ ಹಾಗೆ.

ಮೂರನೆಯ ಆಟದಲ್ಲಿ ಸೋಲು ಕಾಣಿಸುತ್ತಿದ್ದ ಹಾಗೆ ನಾನು ನಡೆಯನ್ನೇ ಆಡಲಿಲ್ಲ. ಗಡಿಯಾರದಲ್ಲಿ ನನ್ನ ಪಾಲಿನ ಸಮಯ ಬೇಕಾದಷ್ಟಿತ್ತು. ಫೋನು ಮೇಜಿನ ಮೇಲಿಟ್ಟು ಚಹಾ ಕುಡಿದೆ, ಕಿಟಕಿಯ ಮಂಜು ಕೆರೆದೆ, ಹೊರಗೆ ಕಲ್ಲಿದ್ದಲ ಹೊಗೆಯಲ್ಲಿ ಬಸ್ಸುಗಳು ಮುಳುಗಿ ಏಳುವುದನ್ನು ನೋಡುತ್ತ ನಿಂತೆ. ಗೆಲ್ಲುವವನು ಕಾಯಲಿ. ಅವನು ಕೊನೆಯವರೆಗೂ ಕಾದ. ಆಮೇಲೆ 'ಚಹಾ ಆಯ್ತಾ, ತಮ್ಮಾ?' ಎಂದು ಕೇಳಿದ.

ಜನವರಿ 10

ಆಟದವರಿಂದ ಎಚ್ಚರಿಕೆ: ಬೇಕೆಂದೇ ಸಮಯ ಕಳೆಯಬಾರದಂತೆ. ಸರ್ಕಾರದಿಂದ ಬಂದ ಹಾಗಿದೆ ಭಾಷೆ. ವಾಕ್ಯದಲ್ಲಿ ಎರಡು ತಪ್ಪಿತ್ತು.

ಜನವರಿ 13

ಬೆಳಿಗ್ಗೆ ನೊರ್ಜ್ಮಾ ಮರೆತು ರೇಡಿಯೋ ಹಾಕಿದಳು. ನನ್ನ ಹೊತ್ತಿಗೆ ಯಾರೋ ಹುಡುಗ ಓದುತ್ತಿದ್ದ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಗೊತ್ತಿಲ್ಲ. ಆದರೆ ದನಿ ಚೆನ್ನಾಗಿದೆ, ಅದೇ ತೊಂದರೆ. ನೊರ್ಜ್ಮಾ ಓಡಿ ಬಂದು ಆರಿಸಿದಳು. "ಅವನ ದನಿ ನಿನ್ನಷ್ಟಿಲ್ಲ ಬಿಡು" ಅಂದಳು. ನಾನು ಕೇಳಿದ್ದೆನೇ?

ಇಡೀ ದಿನ ಆಡಿದೆ. ಗೆದ್ದಾಗ ಎದುರಾಳಿಗಳನ್ನು ಬರೆದು ಕೆಣಕಿದೆ, ಸೋತಾಗ ಬೈದೆ. ಕೊರಿಯಾದವನೊಬ್ಬನಿಗೆ ನಮ್ಮ ಭಾಷೆಯಲ್ಲೇ ಬೈದೆ. ಅರ್ಥವಾಗದೆ ನಗುವ ಮುಖ ಕಳಿಸಿದ.

ಜನವರಿ 15

ಗೆದ್ದೆ! ಮುದಿ ಒಂಟೆಯ ಮೇಲೆ ಗೆದ್ದೆ!

ಹೇಗೆ ಅಂತ ಬರೆದಿಡಬೇಕು. ಆಟ ಅವನ ಕೈಯಲ್ಲಿತ್ತು. ಆನೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದರೆ ನನ್ನ ರಾಜನಿಗೆ ದಾರಿಯಿಲ್ಲ. ನನಗೆ ಕಾಣಿಸಿತ್ತು, ಅವನಿಗೂ ಕಾಣಿಸಿರಲೇಬೇಕು. ಇನ್ನೇನು 'ಒಳ್ಳೇ ಆಟ, ತಮ್ಮಾ' ಬರುತ್ತದೆ ಅನ್ನುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಬರೆದೆ: 'ನಿನ್ನ ಬಲಗೈ ಒಣಗಿ ಹೋಗಲಿ, ಮುದಿಯಾ. ಇನ್ನೊಂದು ಕಾಯಿ ಎತ್ತದ ಹಾಗಾಗಲಿ.'

ಬರೆದು ಕಳಿಸಿದ ಮೇಲೆ ಎದೆ ಎಷ್ಟು ಹಗುರಾಯಿತೆಂದರೆ, ಆಪರೇಷನ್ ಆದಮೇಲೆ ಮೊದಲ ಸಲ ತುಂಬ ಉಸಿರು ತೆಗೆದುಕೊಂಡೆ.

ಅವನು ಆನೆಯನ್ನು ಸರಿಸಲಿಲ್ಲ. ಅವನ ಗಡಿಯಾರ ಓಡುತ್ತಲೇ ಇತ್ತು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಸಮಯ ಮುಗಿಯಿತು. 'ಕಪ್ಪು ತೋಳ ಗೆದ್ದಿದ್ದಾನೆ' ಎಂದು ಬಂತು. ಮೇಜು ಗುದ್ದಿದೆ. ನೊರ್ಜ್ಮಾ ಅಡುಗೆಮನೆಯಿಂದ, "ಏನಾಯ್ತು, ಉಪ್ಪಾ?" ಅಂದಳು.

ಸಂಜೆ ಆಟದವರು ನನ್ನ ಬಾಯಿ ಕಟ್ಟಿದರು. ಇನ್ನು ಯಾರಿಗೂ ಏನೂ ಬರೆಯುವ ಹಾಗಿಲ್ಲ, ಆಡಬಹುದು ಅಷ್ಟೆ. ಕಟ್ಟಲಿ. ಮೊದಲೇ ಒಂದು ಬಾಯಿ ಹೋಗಿದೆ.

ಜನವರಿ 17

ಮುದಿ ಒಂಟೆಯ ಹೆಸರಿನ ಪಕ್ಕದ ಹಸಿರು ಚುಕ್ಕೆ ಎರಡು ದಿನದಿಂದ ಹತ್ತಿಲ್ಲ. ಹೆದರಿ ಓಡಿರಬೇಕು.

ಜನವರಿ 20

ಹತ್ತಿಲ್ಲ. ಮೊದಲೆಲ್ಲ ದಿನಾ ಬೆಳಿಗ್ಗೆ ಚಹಾದ ಹೊತ್ತಿಗೇ ಬರುತ್ತಿದ್ದ.

ಆ ಕೊನೆಯ ಆಟವನ್ನು ತೆರೆದು ನೋಡಿದೆ. ಆಟ ಮುಗಿದರೂ ಕಾಯಿಗಳು ನಿಂತಲ್ಲೇ ನಿಂತಿರುತ್ತವೆ. ಅವನ ಆನೆಗೂ ಆ ಮನೆಗೂ ನಡುವೆ ಏನೂ ಅಡ್ಡವಿಲ್ಲ. ಒಂದು ಬೆರಳು ಸಾಕಿತ್ತು.

ಯಾಕೆ ಆಡಲಿಲ್ಲ?

ಜನವರಿ 21

ಬೆಳಿಗ್ಗೆ ಎದ್ದಾಗ ನನ್ನ ಬಲಗೈ ಇರಲಿಲ್ಲ. ಹೊದಿಕೆಯ ಮೇಲೆ ಬಿದ್ದಿದ್ದದ್ದು ಯಾರದೋ ಕೈ. ಎಡಗೈಯಿಂದ ಅದನ್ನು ಎತ್ತಿದೆ, ಬಿಟ್ಟೆ. ಧೊಪ್ಪನೆ ಬಿತ್ತು. ಕೂಗಲು ಬಾಯಿ ತೆರೆದೆ. ವೈದ್ಯೆಯ ಮಾತು ನೆನಪಾಗಿ ಮುಚ್ಚಿದೆ. ನಿಧಾನಕ್ಕೆ ಜುಮುಜುಮು ಹತ್ತಿ ಜೀವ ಬಂತು. ಕೈಯ ಮೇಲೆ ಮಲಗಿದ್ದೆ, ಅಷ್ಟೆ.

ಅಷ್ಟೇ ಎಂದು ಬರೆದಿದ್ದೇನೆ. ಆದರೂ ಇಡೀ ದಿನ ಬೆರಳು ಮಡಚಿ ಬಿಡಿಸಿ ನೋಡುತ್ತಿದ್ದೇನೆ.

ಜನವರಿ 24

ಗೋಡೆಯೊಳಗಿನ ಬಿಸಿನೀರಿನ ಕೊಳವೆ ಆಗಾಗ ಟಕ್ ಅನ್ನುತ್ತದೆ. ಚಳಿಗಾಲದಲ್ಲಿ ಯಾವಾಗಲೂ ಅನ್ನುತ್ತಿತ್ತು. ಈಗ ಅದು ಯಾರೋ ಕಾಯಿ ಇಟ್ಟ ಸದ್ದು. ನಾನು ತಿರುಗುತ್ತೇನೆ. ಟಕ್. ನಿನ್ನ ನಡೆ, ತಮ್ಮಾ.

ಬಾಯಿಂದ ಬಿದ್ದ ಕೆಟ್ಟ ಮಾತು ಬರಿಗಾಲಲ್ಲಿ ಹುಲ್ಲುಗಾವಲು ದಾಟಿ ಹೋಗಿ ಆ ಮನುಷ್ಯನ ಮನೆ ಹುಡುಕುತ್ತದೆ ಎಂದು ನನ್ನಜ್ಜಿ ನಂಬಿದ್ದಳು. ನಾನು ನಂಬಿದವನಲ್ಲ. ಆದರೆ ನನ್ನದು ಸಾಮಾನ್ಯ ಬಾಯಲ್ಲವಲ್ಲ. ಹಿಮ ಬೀಳುತ್ತದೆ ಎಂದು ನಾನು ಹೇಳಿದರೆ ಜನ ಕುರಿಗಳನ್ನು ಒಳಗೆ ಕಟ್ಟುತ್ತಿದ್ದರು. ಅವನು ಸತ್ತಿದ್ದರೆ?

ಇವತ್ತು ಒಬ್ಬ ಹುಡುಗ, ಹುಡುಗನೇ ಇರಬೇಕು, ಸೋಲುವಾಗ ನನ್ನ ತಾಯಿಯನ್ನು ಹಿಡಿದು ಬೈದ. ಉತ್ತರ ಕೊಡಲು ಬಾಯಿಲ್ಲ. ಅವನ ಹಸಿರು ಚುಕ್ಕೆ ಇದೆಯಲ್ಲ, ಬದುಕಿದ್ದಾನಲ್ಲ ಎಂದುಕೊಂಡೆ. ನನ್ನ ಆನೆಯನ್ನು ಅವನಿಗೆ ಸಿಗುವ ಹಾಗೆ ಇಟ್ಟೆ. ಯಾಕೆಂದು ಗೊತ್ತಿಲ್ಲ. ಗಮನ ಎಲ್ಲೋ ಇತ್ತು.

ಜನವರಿ 27

ವೈದ್ಯೆ ಗಂಟಲಿಗೆ ಬೆಳಕು ಬಿಟ್ಟು ನೋಡಿ ಹುಬ್ಬು ಗಂಟಿಕ್ಕಿದಳು. "ಊತ ಇಳಿದಿಲ್ಲ. ಫೆಬ್ರವರೀಲಿ ನಮ್ಮ ಚಾಂದ್ರಮಾನ ಹೊಸ ವರ್ಷದ ಹಬ್ಬ ಮುಗಿಸಿ ಇಪ್ಪತ್ನಾಲ್ಕಕ್ಕೆ ಬನ್ನಿ. ಅಲ್ಲೀವರೆಗೆ ಮಾತಾಡಿದ್ರೆ ಗಾಯ ಗಟ್ಟಿ ಆಗಿಬಿಡತ್ತೆ, ಆಮೇಲೆ ರೇಡಿಯೋ ಮರೆತುಬಿಡಿ."

ಬರುವಾಗ ಗಂದನ್ ಮಠಕ್ಕೆ ಹೋದೆ. ಕೆಟ್ಟ ಬಾಯಿಯ ದೋಷ ಕಳೆಯುವ ಪಠಣ ಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ. ದಪ್ಪ ಕನ್ನಡಕದ ಲಾಮಾ ಓದಿ, ನನ್ನ ಕುತ್ತಿಗೆಯ ಪಟ್ಟಿ ನೋಡಿ, ಮರುಗಿದರು. "ಅಯ್ಯೋ, ಯಾರಪ್ಪಾ ನಿಮಗೆ ಹೀಗೆ ಶಾಪ ಹಾಕಿದ್ದು? ಹೆಸರು ಬರೀರಿ, ಅವರ ಮನಸ್ಸೂ ತಣ್ಣಗಾಗಲಿ ಅಂತ ಓದ್ತೀನಿ."

ಪೆನ್ನು ಹಿಡಿದು ನಿಂತೆ. ಹಿಂದೆ ಸಾಲು ಬೆಳೆಯುತ್ತಿತ್ತು. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಜನವರಿ 28

ಮುದಿ ಒಂಟೆಗೆ ಆಟಕ್ಕೆ ಕರೆ ಕಳಿಸಿದೆ. ಬರೆಯುವ ಹಾಗಿಲ್ಲದಿದ್ದರೂ ಕರೆಯಬಹುದು. ಬಾಗಿಲು ತಟ್ಟಿದ ಹಾಗೆ. ದಿನಾ ತಟ್ಟುತ್ತೇನೆ.

ಫೆಬ್ರವರಿ 2

ಬದುಕಿದ್ದಾನೆ.

ಮಧ್ಯಾಹ್ನ ಹಸಿರು ಚುಕ್ಕೆ ಹತ್ತಿತು. ನನ್ನ ಕರೆ ಒಪ್ಪಿಕೊಂಡ. ಆತುರದಲ್ಲಿ ಮೊದಲ ನಡೆಯೇ ತಪ್ಪಿತು. ಆದರೆ ಆ ಕಡೆಯಿಂದ ಬಂದ ನಡೆಗಳು ಅವನದಲ್ಲ. ಕುದುರೆಯನ್ನು ಸುಮ್ಮನೆ ನನ್ನ ಬಾಯಿಗೆ ಕೊಟ್ಟ. ಆಡಲು ಬಾರದವರು ಆಡುತ್ತಿದ್ದರು. ಆಮೇಲೆ ಅಕ್ಷರ ಮೂಡಿತು:

'ಒಚಿರ್, ನೀನೇನಾ?'

ಅದರ ಬೆನ್ನಿಗೇ ಇನ್ನೊಂದು: 'ದಿನಾ ಕರೀತಿರೋದು ನೀನೇ ಅಲ್ವಾ? ಸಿಟ್ಟಲ್ಲಿ ಬರೆದೆ ಅಂತ ಒಪ್ಪಿಕೋ. ಅಪ್ಪ ಯಾರ ಜೊತೇನೂ ಮಾತಾಡ್ತಿಲ್ಲ. ನಾನು ಹೇಗಾದ್ರೂ ಸಮಾಧಾನ ಮಾಡ್ತೀನಿ. ಮನೆಗೆ ಬಾ.'

ನಾನು ಒಚಿರ್ ಅಲ್ಲ. ಅದನ್ನು ಹೇಳಲು ಏನೂ ಇರಲಿಲ್ಲ. ಬರೆಯುವ ಜಾಗ ಬೂದಿಬಣ್ಣಕ್ಕೆ ತಿರುಗಿ ಸತ್ತಿತ್ತು. ಕಾಯಿಗಳನ್ನು ಹಿಂದಕ್ಕೆ ಎಳೆದೆ, ಮತ್ತೆ ಮುಂದಕ್ಕೆ ತಂದೆ, ಏನಾದರೂ ಅರ್ಥವಾಗಲಿ ಎಂದು. 'ಮಾತಾಡು' ಎಂದು ಬಂತು. ಕೊನೆಗೆ ನನ್ನ ಬಳಿ ಉಳಿದಿದ್ದದ್ದು ಸೋಲೊಪ್ಪುವ ಗುಂಡಿ ಒಂದೇ. ಕ್ಷಮಿಸಿ ಅನ್ನಲು ಬೇರೆ ದಾರಿ ಕಾಣದೆ ಅದನ್ನೇ ಒತ್ತಿದೆ.

ಆಮೇಲೆ:

'ಹಾಗಾದ್ರೆ ನೀನೇ.'

ಚುಕ್ಕೆ ಆರಿತು.

ಫೆಬ್ರವರಿ 3

ಇವತ್ತು ಎಲ್ಲವನ್ನೂ ನೊರ್ಜ್ಮಾಗೆ ತೋರಿಸಿದೆ. ಬೂಜ್‌ಗೆ ಹಿಟ್ಟು ನಾದುತ್ತಿದ್ದಳು. ಹಬ್ಬಕ್ಕೆ ಎಷ್ಟು ಮಾಂಸದ ಕಡುಬು ಮಾಡಿಟ್ಟರೂ ಅವಳಿಗೆ ಸಾಲದು. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಓದಿದಳು. ಮತ್ತೊಮ್ಮೆ ಓದಿದಳು.

"ಇದನ್ನ ಬರೆದವನು ಯಾರು?"

ನಾನು ಎದೆ ಮುಟ್ಟಿಕೊಂಡೆ.

"ನೀನು? ಬಲಗೈ ಒಣಗಲಿ ಅಂತ? ಅವನೇನು ಮಾಡಿದ್ದ ನಿನಗೆ?"

ಚೀಟಿಯಲ್ಲಿ ಬರೆದೆ: ನನ್ನನ್ನು ಸೋಲಿಸಿದ.

"ಅದಲ್ಲ ಕೇಳಿದ್ದು. ಏನು ಮಾಡಿದ್ದ?"

ಅದೇ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದೆ.

ಅವಳು ಬೈಯಲಿಲ್ಲ. ಕೈ ತೊಳೆದು ಬಂದು, ತನ್ನ ಫೋನಿನಲ್ಲಿ ಆ ಆಟ ಹಾಕಿಸಿಕೊಂಡು, ಮುದಿ ಒಂಟೆಗೆ ಬರೆದಳು. ಅದನ್ನು ಬರೆದದ್ದು ನನ್ನ ಗಂಡ, ಒಚಿರ್ ಯಾರೆಂದು ನಮಗೆ ಗೊತ್ತಿಲ್ಲ ಎಂದು. ಉತ್ತರ ಬರುವವರೆಗೆ ಇಬ್ಬರೂ ಫೋನನ್ನು ನಡುವೆ ಇಟ್ಟುಕೊಂಡು ಕುಳಿತಿದ್ದೆವು.

ಉತ್ತರ ಬರೆದವಳು ಆ ಮನುಷ್ಯನ ಮಗಳು, ಸೆಂದ್ಮಾ. ಅಪ್ಪನ ಹೆಸರು ಚೋಯ್ಜಿಲ್. ನಗರದ ಹೊರಗೆ ನಲೈಖ್‌ನಲ್ಲಿ ಮನೆ. ಒಚಿರ್ ಅವಳ ಗಂಡ.

ಚೋಯ್ಜಿಲ್‌ರ ಬಲಗೈ ಶರತ್ಕಾಲದಲ್ಲೇ ಹೋಗಿತ್ತು. ಮೆದುಳಿಗೆ ರಕ್ತ ಹರಿಯುವುದು ನಿಂತು ಪಾರ್ಶ್ವವಾಯು ಹೊಡೆದದ್ದು. ನಾನು ಬರೆಯುವ ಎಷ್ಟೋ ಮುಂಚೆ.

ಇದನ್ನು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ನಾನಲ್ಲ! ನನ್ನ ಮಾತಿನಿಂದಲ್ಲ! ನೊರ್ಜ್ಮಾ ನನ್ನ ಮುಖ ನೋಡಿ, "ಪೂರ್ತಿ ಓದು" ಅಂದಳು.

ಅವರು ಆ ಕೈಯನ್ನು ಯಾರಿಗೂ ತೋರಿಸಿರಲಿಲ್ಲ. ನೆರೆಯವರು ಬಂದರೆ ಕೋಟಿನ ಜೇಬಿನಲ್ಲಿಟ್ಟುಕೊಂಡು ಕೂರುತ್ತಿದ್ದರು. ಗೊತ್ತಿದ್ದದ್ದು ಮಗಳಿಗೆ ಮತ್ತು ಅಳಿಯನಿಗೆ. ಸ್ನಾನ ಮಾಡಿಸುತ್ತಿದ್ದವನು, ಗುಂಡಿ ಹಾಕುತ್ತಿದ್ದವನು ಒಚಿರ್. ಎಡಗೈ ಪಳಗಲಿ ಎಂದು ಫೋನಿಗೆ ಚದುರಂಗ ಹಾಕಿಕೊಟ್ಟವನೂ ಅವನೇ. ಮುದಿ ಒಂಟೆ ಎಂಬ ಹೆಸರು ಇಟ್ಟು ನಗಿಸಿದ್ದೂ ಅವನೇ. ಆ ದಿನ ಬೆಳಿಗ್ಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತಂತೆ. 'ಎಷ್ಟು ದಿನ ಅಂತ ಕೈ ಬಚ್ಚಿಟ್ಕೊಂಡು ಕೂರ್ತೀರಿ, ಹೊರಗೆ ಬನ್ನಿ' ಎಂದಿದ್ದನಂತೆ. ಅದೇ ದಿನ ಫೋನಿನಲ್ಲಿ ಬಲಗೈ ಒಣಗಲಿ ಎಂದು ಬಂತು. ಬೇರೆ ಯಾರಿಗೆ ಗೊತ್ತಿತ್ತು? ಕಪ್ಪು ತೋಳ ಎಂಬ ಹೆಸರಿನಲ್ಲಿ ಆಡುತ್ತಿದ್ದವನು ಅಳಿಯನೇ ಎಂದು ತಿಳಿದರಂತೆ. ಅವರು ಆಟವನ್ನು ಅಲ್ಲೇ ಬಿಟ್ಟು ಎದ್ದು, ಅಳಿಯನ ಬಟ್ಟೆಯನ್ನು ಎಡಗೈಯಿಂದ ಎಳೆದೆಳೆದು ಹಿಮದ ಮೇಲೆ ಎಸೆದರಂತೆ. ಒಚಿರ್ ದಕ್ಷಿಣಕ್ಕೆ ಹೋಗಿ ಗಡಿಯ ಕಲ್ಲಿದ್ದಲ ಲಾರಿ ಓಡಿಸುತ್ತಿದ್ದಾನೆ. ಫೋನ್ ಎತ್ತುವುದಿಲ್ಲ.

'ನಾನೂ ಅವನನ್ನ ಅನುಮಾನಿಸಿದೆ' ಎಂದು ಸೆಂದ್ಮಾ ಬರೆದಿದ್ದಳು. 'ನಿನ್ನೆ ಆಟ ಬಿಟ್ಟುಕೊಟ್ಟಾಗ ಅವನೇ ಅಂತ ನಂಬಿಬಿಟ್ಟೆ.'

ಆನೆ ಯಾಕೆ ಸರಿಯಲಿಲ್ಲ ಎಂದು ಈಗ ಗೊತ್ತಾಯಿತು.

ಫೆಬ್ರವರಿ 4

ಅಪ್ಪನಿಗೆ ನಮ್ಮ ಸಂದೇಶ ತೋರಿಸಿ ಎಂದು ನೊರ್ಜ್ಮಾ ಬರೆದಳು. ತೋರಿಸಿದೆ, ನಂಬಲಿಲ್ಲ ಎಂದು ಸೆಂದ್ಮಾಳ ಉತ್ತರ. 'ಅಕ್ಷರ ಯಾರು ಬೇಕಾದ್ರೂ ಒತ್ತಬಹುದು, ಗಂಡನ್ನ ಉಳಿಸ್ಕೊಳ್ಳೋಕೆ ಯಾವನನ್ನೋ ಹುಟ್ಟಿಸಿದ್ದೀಯ ಅಂತಾರೆ. ಆ ಮನುಷ್ಯ ಬಂದು ಎದುರು ಕೂತು ಬಾಯಿಬಿಟ್ಟು ಹೇಳಿದ್ರೆ ಮಾತ್ರ.'

ಬಾಯಿಬಿಟ್ಟು.

ಇಪ್ಪತ್ನಾಲ್ಕನೇ ತಾರೀಕು ವೈದ್ಯೆಯನ್ನು ನೋಡಿ ಆಮೇಲೆ ಹೋಗುತ್ತೇನೆ ಎಂದು ಚೀಟಿಯಲ್ಲಿ ಬರೆದೆ. ನ್ಯಾಯವಾದ ಮಾತೇ. ನೊರ್ಜ್ಮಾ ಚೀಟಿಯನ್ನು ಮಡಚಿ ಬಟ್ಟಲಿನ ಕೆಳಗಿಟ್ಟಳು.

ಫೆಬ್ರವರಿ 9

ನೊರ್ಜ್ಮಾ ನನ್ನ ಜೊತೆ ಮಾತು ನಿಲ್ಲಿಸಿದ್ದಾಳೆ. ಜಗಳವಿಲ್ಲ. ಚಹಾ ಕೊಡುತ್ತಾಳೆ, ಔಷಧಿ ಕೊಡುತ್ತಾಳೆ. ಎರಡು ಮೂಕ ಪ್ರಾಣಿಗಳು ಒಂದೇ ಕೊಟ್ಟಿಗೆಯಲ್ಲಿದ್ದ ಹಾಗಿದೆ. ಗೋಡೆಯ ಕೊಳವೆ ಮಾತ್ರ ಮಾತಾಡುತ್ತದೆ. ಟಕ್.

ಗಡಿಯ ದಾರಿಯಲ್ಲಿ ಹಿಮಗಾಳಿ ಎದ್ದಿದೆಯಂತೆ, ಲಾರಿಗಳು ಸಾಲುಗಟ್ಟಿ ನಿಂತಿವೆಯಂತೆ. ರೇಡಿಯೋದ ಹುಡುಗ ಹೇಳಿದ. ಈಗ ನಾನೇ ಹಾಕಿಕೊಂಡು ಕೇಳುತ್ತೇನೆ. ಉಸಿರು ಸ್ವಲ್ಪ ಸುಧಾರಿಸಿದೆ ಅವನದು.

ಫೆಬ್ರವರಿ 17

ಹಳೇ ವರ್ಷದ ಕೊನೆಯ ದಿನ. ಇವತ್ತು ಯಾರ ಮನೆಯಲ್ಲೂ ಮುನಿಸು ಉಳಿಯಬಾರದು. ಹೊಟ್ಟೆ ಬಿರಿಯುವಷ್ಟು ತಿನ್ನಬೇಕು. ನೊರ್ಜ್ಮಾ ಬೂಜ್ ಬೇಯಿಸಿ ನನ್ನ ಮುಂದಿಟ್ಟಳು. ಹಬೆ ಏಳುತ್ತಿತ್ತು. ತಾನೂ ಕುಳಿತಳು. ಆಮೇಲೆ, ಎಷ್ಟೋ ದಿನಗಳ ಮೇಲೆ, ಮಾತಾಡಿದಳು.

"ಅಲ್ಲೂ ಈಗ ಮಾಡಿಟ್ಟಿರ್ತಾರೆ. ಇಬ್ಬರೇ ಕೂತಿರ್ತಾರೆ."

ನಾನು ಬಟ್ಟಲು ಕೆಳಗಿಟ್ಟೆ.

"ನಿನ್ನ ದನಿ ನನಗೂ ಬೇಕು, ಯೋಂದೋನ್. ಅದನ್ನ ಕೇಳಿಯೇ ನಿನ್ನ ಮದುವೆ ಆದದ್ದು ನಾನು. ಆದ್ರೆ ಹೀಗೆ ಬಚ್ಚಿಟ್ಟು ಉಳಿಸಿಕೊಂಡ ದನಿ ಈ ಮನೇಲಿ ಕೇಳಿಸಿದ್ರೆ ನನಗೆ ಹೇಗಾಗತ್ತೋ ಗೊತ್ತಿಲ್ಲ."

ಫೆಬ್ರವರಿ 20

ಹೋಗಿ ಬಂದೆ. ಕೈ ಸೋಲುವವರೆಗೆ ಬರೆಯುತ್ತೇನೆ. ಒಂದೂ ಬಿಡಬಾರದು.

ಹಬ್ಬದ ಮೂರನೆಯ ದಿನವಾದ್ದರಿಂದ ಬಸ್ಸಿನ ತುಂಬ ಹೊಸ ಬಟ್ಟೆಯ ಜನ, ತೊಡೆಯ ಮೇಲೆ ಉಡುಗೊರೆಯ ಚೀಲಗಳು. ನೊರ್ಜ್ಮಾ ನನ್ನ ರೇಷ್ಮೆಯ ನಿಲುವಂಗಿಗೆ ಇಸ್ತ್ರಿ ಹಾಕಿ ಕೊಟ್ಟಿದ್ದಳು. ನಲೈಖ್‌ನಲ್ಲಿ ಇಳಿದು ಮರದ ಬೇಲಿಗಳ ನಡುವೆ ನಡೆದೆವು. ಸೆಂದ್ಮಾ ಗೇಟಿನ ಹತ್ತಿರ ನಿಂತಿದ್ದಳು. ನಾನು ಇನ್ನೂ ಎಳೆಯವಳೆಂದುಕೊಂಡಿದ್ದೆ, ನಲವತ್ತರ ಹತ್ತಿರ ಇರಬೇಕು. ಕಣ್ಣಿನ ಕೆಳಗೆ ಕಪ್ಪು. "ಬಂದ್ರಾ" ಅಂದಳು, ನಂಬಲಾಗದ ಹಾಗೆ.

ಚೋಯ್ಜಿಲ್ ಹಬ್ಬದ ಮೇಜಿನ ಹಿಂದೆ ನೆಟ್ಟಗೆ ಕುಳಿತಿದ್ದರು. ಸಣ್ಣ ಮನುಷ್ಯ. ನಾನು ಇಷ್ಟು ದಿನ ಎಷ್ಟು ದೊಡ್ಡದಾಗಿ ಕಲ್ಪಿಸಿಕೊಂಡಿದ್ದೆ! ಬಲಗೈ ಜೇಬಿನಲ್ಲಿತ್ತು. ನಾವು ಯಾರೋ ದೂರದ ನೆಂಟರೆಂದುಕೊಂಡರೋ ಏನೋ, ಎದ್ದು ನಿಂತರು.

ಹಬ್ಬದಲ್ಲಿ ಹಿರಿಯರನ್ನು ಕಂಡರೆ ಕಿರಿಯರು ಎರಡೂ ತೋಳುಗಳನ್ನು ಚಾಚಿ ಅವರ ಮೊಣಕೈಗಳನ್ನು ಕೆಳಗಿನಿಂದ ಆತು ಹಿಡಿಯಬೇಕು. ನಾನು ತೋಳು ಚಾಚಿದೆ. ಅವರು ಎಡಗೈ ಮಾತ್ರ ಮುಂದೆ ತಂದರು. ಆಮೇಲೆ ಏನನ್ನಿಸಿತೋ, ಎಡಗೈಯಿಂದಲೇ ಬಲಗೈಯನ್ನು ಜೇಬಿನಿಂದ ಎತ್ತಿ ನನ್ನ ತೋಳಿನ ಮೇಲಿಟ್ಟರು. ಒದ್ದೆ ಬಟ್ಟೆಯಂತೆ ಭಾರ. ತಣ್ಣಗಿತ್ತು. ಆ ಭಾರ ನನ್ನ ತೋಳಿನ ಮೇಲೆ ಈಗಲೂ ಇದೆ.

ಕಿರಿಯವನೇ ಮೊದಲು ಮಾತಾಡಬೇಕು. ಹಬ್ಬದ ಮಾತು ಒಂದೇ, ಎಲ್ಲರೂ ಆಡುವ ಮಾತು.

"ನೆಮ್ಮದಿಯಿಂದ ಇದ್ದೀರಾ?" ಅಂದೆ.

ಆಪರೇಷನ್ ಆದಮೇಲೆ ನಾನಾಡಿದ ಮೊದಲ ಮಾತು. ನನ್ನ ದನಿ ಅಲ್ಲ ಅದು. ತುಕ್ಕು ಹಿಡಿದ ಬಾಗಿಲಿನ ಸದ್ದು. ಹಿಂದೆ ನೊರ್ಜ್ಮಾ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ನೆಮ್ಮದಿ," ಅಂದರು ಮುದುಕರು. "ಏನು ತಮ್ಮಾ, ಹಬ್ಬದ ದಿನಾನೇ ಇಷ್ಟು ಕುಡಿದ್ಯಾ? ಗಂಟಲು ಹರಿದು ಹೋಗಿದೆಯಲ್ಲ."

"ನಾನು ಕಪ್ಪು ತೋಳ," ಅಂದೆ.

ಅವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಲು ಆ ಕೈಗೆ ಆಗುವುದಿಲ್ಲ. ನಾನೇ ಅದನ್ನು ಮೆಲ್ಲಗೆ ಅವರ ಪಕ್ಕಕ್ಕೆ ಇಳಿಸಬೇಕಾಯಿತು. ಕುಳಿತರು. ಆಮೇಲೆ ಮಗಳ ಕಡೆ ತಿರುಗಿ, "ಎಷ್ಟು ಕೊಟ್ಟೆ ಇವನಿಗೆ?" ಎಂದರು.

"ಅಪ್ಪಾ!"

"ಹಾಗಾದ್ರೆ ಕೇಳ್ತೀನಿ. ಏಯ್, ಕೊನೇ ಆಟದಲ್ಲಿ ನನ್ನ ನಡೆ ಏನಿತ್ತು ಹೇಳು."

"ಆನೆ. ಒಂದು ಮನೆ ಪಕ್ಕಕ್ಕೆ. ನಾನು ಸತ್ತಿದ್ದೆ."

ಅವರ ಮುಖದಲ್ಲಿ ಏನೋ ಕುಸಿಯಿತು. "ಕೂತ್ಕೋ," ಅಂದರು.

ಕುಳಿತೆ. ಸೆಂದ್ಮಾ ಉಪ್ಪು ಹಾಕಿದ ಹಾಲಿನ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

"ನನ್ನ ಕೈ ವಿಷ್ಯ ನಿನಗೆ ಹೇಳಿದ್ದು ಯಾರು?"

"ಯಾರೂ ಇಲ್ಲ. ಗೊತ್ತಿರಲಿಲ್ಲ."

"ಒಚಿರ್ ಪರಿಚಯ ಇದೆಯಾ?"

"ಇಲ್ಲ."

"ಸುಳ್ಳು. ಗೊತ್ತಿಲ್ಲದೆ ಬಲಗೈ ಅಂತ ಹೇಗಂದೆ?"

"ಬಲಗೈಯಲ್ಲಿ ಆಡ್ತೀರಿ ಅಂದುಕೊಂಡೆ. ಬಾಯಿಗೆ ಬಂತು. ಎಡಗೈ ಅಂತ ಬಂದಿದ್ರೆ ಎಡಗೈ ಅಂತಿದ್ದೆ."

"ಯಾಕೆ?"

"ಸೋಲ್ತಾ ಇದ್ದೆ."

"ಅಷ್ಟೇನಾ?"

"ಅಷ್ಟೇ."

ಅವರು ತಮಗೇ ಹೇಳಿಕೊಳ್ಳುವಂತೆ, "ಬರೀ ಸೋತದ್ದಕ್ಕೆ," ಅಂದರು. "ನಾನು ಏನೇನೋ ಅಂದುಕೊಂಡೆ. ನನ್ನ ಸ್ನಾನ ಮಾಡಿಸುವಾಗ ಅವನ ಮನಸ್ಸಲ್ಲಿ ಇದಿತ್ತಾ ಅಂತ. ಗುಂಡಿ ಹಾಕುವಾಗ ಇದಿತ್ತಾ ಅಂತ. ಒಂದೊಂದು ದಿನಾನೂ ಹಿಂದಕ್ಕೆ ಹೋಗಿ ನೋಡಿದೆ. ಎಲ್ಲಾ ಕಡೆ ಇತ್ತು ತಮ್ಮಾ, ನೋಡಿದಲ್ಲೆಲ್ಲ ಇತ್ತು. ಈಗ ನೀನು ಬಂದು ಏನೂ ಇರ್ಲಿಲ್ಲ ಅಂತೀಯ."

"ತಪ್ಪಾಯ್ತು. ಆ ಮಾತನ್ನ ವಾಪಸ್ ತಗೊಳ್ತೀನಿ."

"ಹೇಗೆ ತಗೊಳ್ತೀಯ? ಅದು ಇಲ್ಲೇ ಕೂತಿದೆ, ಅವನ ಜಾಗದಲ್ಲಿ." ಮೇಜಿನ ಆ ಬದಿಯ ಖಾಲಿ ಸ್ಟೂಲಿನ ಕಡೆ ಗದ್ದ ಎತ್ತಿ ತೋರಿಸಿದರು. "ನನಗಲ್ಲ, ಅವನಿಗೆ ಹೇಳು."

ಸೆಂದ್ಮಾ ಕರೆ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಕೊನೆಗೆ ಧ್ವನಿ ಸಂದೇಶ ಕಳಿಸೋಣವೆಂದು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ಕೆಂಪು ಚುಕ್ಕೆ ಹತ್ತಿತು. ಎಷ್ಟು ಸಾವಿರ ಸಲ ಸ್ಟುಡಿಯೋದ ಅಂಥ ಕೆಂಪು ದೀಪದ ಮುಂದೆ ಕುಳಿತಿಲ್ಲ ನಾನು!

ಹೇಳಿದೆ. ನನ್ನ ಹೆಸರು, ಊರು, ಏನು ಬರೆದೆ, ಯಾಕೆ ಬರೆದೆ, ಒಚಿರ್ ಎಂಬ ಮನುಷ್ಯನನ್ನು ನಾನು ನೋಡಿಯೇ ಇಲ್ಲ ಎಂದು. ಆಟ ಬಿಟ್ಟುಕೊಟ್ಟು ಅನುಮಾನ ಗಟ್ಟಿ ಮಾಡಿದವನೂ ನಾನೇ ಎಂದು. ನಡುವೆ ಎರಡು ಸಲ ದನಿ ಪೂರ್ತಿ ಹೋಯಿತು, ಗಾಳಿ ಮಾತ್ರ ಬಂತು. ಕಾದು, ಮತ್ತೆ ಶುರು ಮಾಡಿದೆ. ಗಂಟಲಲ್ಲಿ ರಕ್ತದ ರುಚಿ. ಮುದುಕರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾವು ಎದ್ದಾಗಲೂ ಏನೂ ಹೇಳಲಿಲ್ಲ.

ಬಸ್ಸಿನಲ್ಲಿ ನೊರ್ಜ್ಮಾ ತನ್ನ ಶಾಲು ಬಿಚ್ಚಿ ನನ್ನ ಕುತ್ತಿಗೆಗೆ ಸುತ್ತಿದಳು.

ಫೆಬ್ರವರಿ 22

ಒಚಿರ್ ಕೇಳಿಸಿಕೊಂಡಿದ್ದಾನೆ. ಸೆಂದ್ಮಾಗೆ ಕರೆ ಮಾಡಿದನಂತೆ. ಎರಡೇ ಪ್ರಶ್ನೆ: "ಆ ಮನುಷ್ಯ ಇದನ್ನ ಹೇಳುವಾಗ ಅಪ್ಪ ಅಲ್ಲೇ ಇದ್ರಾ?" ಇದ್ದರು ಅಂದಳಂತೆ. "ಏನಂದ್ರು?" ಏನೂ ಅನ್ನಲಿಲ್ಲ ಅಂದಳಂತೆ. ಫೋನ್ ಇಟ್ಟನಂತೆ.

ನಾನು ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಫೆಬ್ರವರಿ 24

ವೈದ್ಯೆ ಬೆಳಕು ಬಿಟ್ಟು ನೋಡಿ, ಬೆಳಕು ಆರಿಸಿ, ಕುರ್ಚಿಗೆ ಒರಗಿದಳು. "ಯಾರ ಜೊತೆ ಮಾತಾಡಿದ್ರಿ?" ನಾನು ಕೋಟಿನ ಗುಂಡಿ ಹಾಕಿಕೊಂಡೆ. "ಮಾತು ಬರತ್ತೆ. ಸುದ್ದಿ ಓದೋ ದನಿ ಬರಲ್ಲ," ಅಂದಳು. ನೊರ್ಜ್ಮಾ ನನ್ನ ತೋಳು ಹಿಡಿದಳು. ಹೊರಗೆ ಬಂದು ಇಬ್ಬರೂ ಮಾಂಸ ತುಂಬಿ ಕರಿದ ಬಿಸಿ ಹುಷೂರ್ ತಿಂದೆವು. ಮಾಂಸಕ್ಕೆ ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಿದ್ದರು. ಚೆನ್ನಾಗಿತ್ತು.

ಫೆಬ್ರವರಿ 26

ಸೆಂದ್ಮಾ ನೊರ್ಜ್ಮಾಗೆ ಕರೆ ಮಾಡಿದ್ದಳು. ಬಹಳ ಹೊತ್ತು ಮಾತಾಡಿದರು. ನೊರ್ಜ್ಮಾ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಎದ್ದು ಮುದುಕರು ಫೋನ್ ಕೇಳಿದರಂತೆ. ಎಡಗೈಯಲ್ಲಿ ತಾವೇ ನಂಬರು ಒತ್ತಲು ಕುಳಿತರಂತೆ. ತಪ್ಪು ನಂಬರು ಬಿತ್ತು. ಯಾರೋ ಬೈದರು. ಮತ್ತೆ ಒತ್ತಿದರು, ಮತ್ತೆ ತಪ್ಪಿತು. ಸೆಂದ್ಮಾ ಕೈ ಚಾಚಿದರೆ, "ಬಿಡು ನೀನು" ಎಂದು ಗದರಿದರಂತೆ. ಮಧ್ಯಾಹ್ನದ ಹೊತ್ತಿಗೆ ಸರಿಯಾದ ನಂಬರು ಬಿತ್ತು. ಅವನು ಎತ್ತಿದ. ಮಗಳನ್ನು ಹೊರಗೆ ಕಳಿಸಿದರು. ಅವಳು ಚಳಿಯಲ್ಲಿ ಬಾಗಿಲಿಗೆ ಕಿವಿಯಿಟ್ಟು ನಿಂತಳಂತೆ.

ತುಂಬ ಹೊತ್ತು ಏನೂ ಕೇಳಿಸಲಿಲ್ಲವಂತೆ. ಫೋನ್ ಕಟ್ಟಾಯಿತೆಂದುಕೊಂಡಳಂತೆ. ಆಮೇಲೆ ಅಪ್ಪನ ದನಿ:

"ಬೈಯೋ ಒಚಿರ್. ಏನ್ ಬೇಕಾದ್ರೂ ಅನ್ನು, ಕೇಳ್ತೀನಿ. ಹೀಗೆ ಸುಮ್ನಿರಬೇಡ."